ಅರ್ಧ ಮಾತಿನ ಗಾಡಿ

ಕಾಗದ ಬಂದದ್ದು ಒಂದು ಸೋಮವಾರ. ದಾನವ್ವ ಬೆಳಗಿನ ಪಾಳಿ ಮುಗಿಸಿ ಬಂದವಳು ಮೈಮೇಲಿನ ಖಾಕಿ ಅಂಗಿಯನ್ನೂ ತೆಗೆಯದೆ ಹೊಸ್ತಿಲಲ್ಲೇ ನಿಂತು ಓದಿದಳು. ಎರಡು ಸಲ ಓದಿದಳು. ಮೊದಲನೆಯ ಸಲ ಸರಿಯಾಗಿ ಅರ್ಥವಾಗಲಿಲ್ಲ. ಎರಡನೆಯ ಸಲ ಅರ್ಥವಾಯಿತು, ಮೈಗೆ ಬೆಂಕಿ ಬಿದ್ದ ಹಾಗಾಯಿತು.

‘ಮಾನ್ಯ ಗ್ರಾಹಕರೇ, ವೇಗಶ್ರೀ ಮೋಟಾರ್ಸ್ ತನ್ನ ಆಜ್ಞಾ ಮೋಟರ್‌ಸೈಕಲ್ಲುಗಳನ್ನು ಸುರಕ್ಷತೆಯ ದೃಷ್ಟಿಯಿಂದ ವಾಪಸು ಕರೆಸಿಕೊಳ್ಳುತ್ತಿದೆ. ಕೆಲವು ಪ್ರದೇಶಗಳ ಗ್ರಾಹಕರ ಉಚ್ಚಾರ ವೈವಿಧ್ಯದಿಂದ ವಾಹನಕ್ಕೆ ಅಪಾರ್ಥವಾಗುವ ಸಂಭವವಿದೆ. ವಾಹನದ ಹಳೆಯ ನೆನಪನ್ನು ಅಳಿಸಿ ಹೊಸದನ್ನು ಉಚಿತವಾಗಿ ತುಂಬಿಕೊಡಲಾಗುವುದು. ದನಿ ನೋಂದಾಯಿಸಿದವರೆಲ್ಲರೂ ಖುದ್ದಾಗಿ ಹಾಜರಿದ್ದು, ಅರ್ಧ ಗಂಟೆಯ ಸ್ಪಷ್ಟನುಡಿ ತರಬೇತಿ ಪಡೆಯತಕ್ಕದ್ದು.’

“ಕೇಳಿದ್ರೇನು?” ಅಂದಳು ಒಳಗೆ ಕುಳಿತಿದ್ದ ಗಂಡನಿಗೆ. “ಗಾಡಿ ರಿಪೇರಿ ಅಲ್ಲಂತ. ನಮ್ಮ ನಾಲಿಗಿ ರಿಪೇರಿ ಅಂತ! ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳೀತಾರಂತ, ಹಂಗಾತು!”

ಗದಿಗೆಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡರು. ಈಗ ನಾಲ್ಕು ತಿಂಗಳಿಂದ ಪ್ರೆಸ್ಸಿನವರೇ ಪುಸ್ತಕದ ಫಾರ್ಮುಗಳನ್ನು ಮನೆಗೆ ಕಳಿಸುತ್ತಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಮಂಚದ ಮೇಲೆ ಕುಳಿತು, ಸೂಜಿಗೆ ದಾರ ಪೋಣಿಸುತ್ತ, ಹೆಂಡತಿಯ ಮಾತನ್ನು ಪೂರ್ತಿ ಕೇಳಿದ. ಅವನ ಮಾತು ಹುಟ್ಟಿದಾಗಿನಿಂದಲೂ ನಿಧಾನ. ಒಂದು ಶಬ್ದ ಆಡಿ ಇನ್ನೊಂದನ್ನು ಆಡುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ ಎಂದು ಅವನ ತಾಯಿಯೇ ಬೈಯುತ್ತಿದ್ದಳಂತೆ.

“ಹೋಗ್ಲಿ ಬಿಡ, ದಾನಿ,” ಅಂದ. “ಆಗೂದು...”

ಮುಂದಿನದನ್ನು ಕೇಳಲು ದಾನವ್ವ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.

ಬಿಡ! ಈ ನಾಲ್ಕು ತಿಂಗಳಲ್ಲಿ ಆ ಮನುಷ್ಯ ಒಂದು ದಿನ ಬೈದಿದ್ದರೆ, ‘ನಿನ್ನ ಬಾಯಿಂದ ನನ್ನ ಕಾಲು ಹೋಯಿತಲ್ಲೇ’ ಎಂದು ಒಂದು ಸಲ ಕಿರುಚಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಕ್ಷಮಿಸಿಬಿಟ್ಟಿದ್ದ. ಮಾಡದ ತಪ್ಪಿಗೆ ಕ್ಷಮೆ ಸಿಕ್ಕರೆ ಎಷ್ಟು ಉರಿಯುತ್ತದೆ ಎನ್ನುವುದು ಉರಿಸಿಕೊಂಡವರಿಗೇ ಗೊತ್ತು. ಇನ್ನೂ ಕೆಟ್ಟ ಸಂಗತಿಯೆಂದರೆ, ಆ ತಪ್ಪು ತಾನು ಮಾಡಲಿಲ್ಲ ಎಂದು ಈಗೀಗ ಅವಳಿಗೇ ಗಟ್ಟಿಯಾಗಿ ಹೇಳಲಾಗುತ್ತಿರಲಿಲ್ಲ.

ಆ ಗಾಡಿಯ ಕಥೆ ಇಷ್ಟು. ಬಾಯಿಮಾತಿಗೆ ಹೊರಡುವ ಮೋಟರ್‌ಸೈಕಲ್ಲು ಬಂದು ಆಗ ಎರಡು ವರ್ಷವಾಗಿತ್ತು. ಸವಾರ ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು ‘ಬಿಡು’ ಅಂದರೆ ಸಾಕು, ನಿಂತ ಗಾಡಿ ಬಾಣದಂತೆ ಹೊರಡುತ್ತಿತ್ತು. ‘ತಡಿ’ ಅಂದರೆ ನಿಧಾನ, ‘ನಿಂದ್ರ’ ಅಂದರೆ ಬ್ರೇಕು. ಮೈಸೂರು ಕಡೆಯವರಿಗೆ ಬೇರೆ, ಗದಗ-ಹುಬ್ಬಳ್ಳಿಯವರಿಗೆ ಬೇರೆ, ಅವರವರ ಆಡುಮಾತನ್ನೇ ಗಾಡಿಗೆ ಕಲಿಸಿದ್ದೇವೆ ಎಂದು ಕಂಪನಿ ಡಂಗುರ ಹೊಡೆಯಿತು. ಬಿಡ, ಬಿಡ್ರಿ, ಬಿಡಪಾ, ಬಿಡಲೇ, ಹೇಗೆ ಅಂದರೂ ನಡೆಯುತ್ತದೆ! ಗಂಡ ಹೆಂಡತಿ ಇಬ್ಬರ ದನಿಯನ್ನೂ ನೋಂದಾಯಿಸಿದರೆ ಒಂದು ಹೆಲ್ಮೆಟ್ಟು ಉಚಿತ. ಅಂಗಡಿಯ ಮುಂದೆ ಹಾಕಿದ್ದ ಬೋರ್ಡು ದಾನವ್ವನಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿತ್ತು: ‘ನೀವು ಮಾತು ಮುಗಿಸುವ ಮೊದಲೇ ಇದು ಕೆಲಸ ಮುಗಿಸುತ್ತದೆ.’

ಕಾಲು ಹೋದ ದಿನ ಸಂಜೆ ಇಬ್ಬರೂ ಆ ಗಾಡಿಯ ಮೇಲೆ, ಮುಂದೆ ಗದಿಗೆಪ್ಪ, ಹಿಂದೆ ದಾನವ್ವ, ರೈಲ್ವೆ ಗೇಟಿನ ಹತ್ತಿರ ನಿಂತಿದ್ದರು. ರೈಲು ಹೋಯಿತು, ಗೇಟು ಎದ್ದಿತು. ಗೇಟು ಎದ್ದರೆ ಸಾಕು, ಆ ಕಡೆಯವರು ಈ ಕಡೆಗೂ ಈ ಕಡೆಯವರು ಆ ಕಡೆಗೂ ರಸ್ತೆ ತುಂಬ ನುಗ್ಗುವುದು ಊರಿನ ಸಂಪ್ರದಾಯ. ಹದಿನಾಲ್ಕು ವರ್ಷ ಕಂಡಕ್ಟರಾಗಿ ಬಸ್ಸಿನ ಹಿಂಬಾಗಿಲಲ್ಲಿ ನಿಂತ ಹೆಂಗಸು, ಎಲ್ಲಿ ಕುಳಿತರೂ ಅಕ್ಕಪಕ್ಕ ನೋಡುವುದು ಅವಳಿಗೆ ರೂಢಿ. ಬಲಗಡೆಯಿಂದ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ತಪ್ಪು ದಾರಿಯಲ್ಲಿ ನುಗ್ಗಿ ಬರುತ್ತಿದ್ದುದನ್ನು ಅವಳು ನೋಡಿದಳು. ಕೂಗಿದಳು. ಗಾಡಿ ನೆಗೆಯಿತು. ಅವಳು ಹಿಂದಕ್ಕೆ ಬಿದ್ದಳು, ಗದಿಗೆಪ್ಪ ಟ್ರೇಲರಿನ ಗಾಲಿಯ ಕೆಳಗೆ ಬಿದ್ದ.

ಪಕ್ಕದಲ್ಲೇ ಇನ್ನೊಂದು ಆಜ್ಞಾ ಗಾಡಿಯ ಮೇಲೆ ಗಾದಿ ಹೊಲಿಯುವ ಇಮಾಮಸಾಬ ನದಾಫ ನಿಂತಿದ್ದ. ಅವನೇ ಹೊಸ ಗಾದಿಯನ್ನು ಹರಿದು ಹತ್ತಿ ಒತ್ತಿ ರಕ್ತ ಕಟ್ಟಿದ್ದು, ಟಂಟಂ ರಿಕ್ಷಾ ತರಿಸಿ ದವಾಖಾನೆಗೆ ಒಯ್ದದ್ದು. “ಅಕ್ಕಾರು ಏನೋ ಒದರಿದ್ರು ಖರೆ,” ಎಂದು ಆಮೇಲೆ ಪೊಲೀಸರಿಗೆ ಹೇಳಿದ. “ರೈಲಿನ ಹಾರ್ನು, ತಲಿಗೆ ಹೆಲ್ಮೆಟ್ಟು. ಏನಂದ್ರು ಅಂತ ಕೇಳಲಿಲ್ರಿ.”

ಗದಿಗೆಪ್ಪನಿಗೂ ಕೇಳಿರಲಿಲ್ಲ. ಅವನಿಗೆ ಕೇಳಿದ್ದು ಹೆಲ್ಮೆಟ್ಟಿನೊಳಗಿಂದ ಗಾಡಿಯೇ ಜೇನಿನಂಥ ದನಿಯಲ್ಲಿ ಹೇಳಿದ ಮಾತು: ‘ಬಿಡು. ಆಗಲಿ.’ ವಾರ ಕಳೆದ ಮೇಲೆ ಕಂಪನಿಯಿಂದ ಒಂದೇ ಸಾಲಿನ ವರದಿ ಬಂತು. ‘ಸಂಜೆ 5:42. ದನಿ ಎರಡು, ಹಿಂಬದಿ ಸವಾರೆ. ಆಜ್ಞೆ: ಬಿಡು. ಪಾಲಿಸಲಾಗಿದೆ.’

ಪಾಲಿಸಲಾಗಿದೆಯಂತೆ! ಎಂಥ ವಿಧೇಯ ಮಗ!

ಆ ಒಂದು ಸಾಲು ಡಿಪೋಕ್ಕೂ ತಲುಪಿತು. ಇಂಥ ಸುದ್ದಿಗೆ ಕಾಲಿರುವುದಿಲ್ಲ, ರೆಕ್ಕೆಯೇ ಇರುತ್ತದೆ. “ಯಕ್ಕಾ, ರೈಟ್ ಅನ್ನೂ ಮುಂದ ಸ್ವಲ್ಪ ನೋಡಿ ಅನ್ನು,” ಎಂದು ಡ್ರೈವರೊಬ್ಬ ನಗುತ್ತ ಅಂದ. ಅವನಿಗೆ ಅದು ಚೇಷ್ಟೆ. ದಾನವ್ವ ಆ ದಿನ ಊಟ ಮಾಡಲಿಲ್ಲ. ಹದಿನಾಲ್ಕು ವರ್ಷ ಅವಳು ಗಾಡಿ ಹೊರಡಿಸಿದ್ದು ‘ರೈಟ್’ ಎಂಬ ಒಂದೇ ಮಾತಿನಿಂದ, ನಿಲ್ಲಿಸಿದ್ದು ‘ಹೋಲ್ಡಾನ್’ ಎಂಬ ಇನ್ನೊಂದು ಮಾತಿನಿಂದ. ಮುದುಕಿಯ ಸೀರೆ ಬಾಗಿಲಿಗೆ ಸಿಕ್ಕಿಲ್ಲ, ಕೂಸಿನ ಕಾಲು ಮೆಟ್ಟಿಲ ಮೇಲಿಲ್ಲ ಎಂದು ನೋಡದೆ ಒಂದು ದಿನವೂ ರೈಟ್ ಅಂದವಳಲ್ಲ. ಆದರೆ ಆ ಸಂಜೆ ಅವಳು ಕಂಡಕ್ಟರ್ ಆಗಿರಲಿಲ್ಲ, ಗಂಡನ ಬೆನ್ನಿಗೆ ಕುಳಿತ ಹೆಂಡತಿಯಾಗಿದ್ದಳು. ಬಾಯಿಗೆ ಮನೆಯ ಮಾತೇ ಬಂದಿತ್ತು. ಹೋಲ್ಡಾನ್ ಅಂದಿದ್ದರೆ! ಏನಂದೆ ನಾನು? ಬ್ಯಾಡ ಅಂದೆನೋ, ಬಿಡ ಅಂದೆನೋ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಅವಳ ಮಾತು ಎಲ್ಲಿಗೆ ಹೋಯಿತೋ ಅವಳಿಗೇ ಗೊತ್ತಿರಲಿಲ್ಲ.

ಗುರುವಾರ ಹತ್ತಿ ಮಾರ್ಕೆಟ್ಟಿನ ಆವರಣದಲ್ಲಿ ಶಿಬಿರ. ದಾನವ್ವ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಳು. ಮುರಿದ ಗಾಡಿಯನ್ನು ಟಂಟಂನಲ್ಲಿ ಹೇರಿಸಿ ತಂದಿದ್ದಳು. ಗದಿಗೆಪ್ಪ ಬಗಲಿಗೆ ಬಡಿಗೆ ಕೊಟ್ಟುಕೊಂಡು ಇಳಿದು, ಪೆಂಡಾಲಿನೊಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತ. ಹೊರಗೆ ಬಿಸಿಲಲ್ಲಿ ಆಜ್ಞಾ ಗಾಡಿಗಳ ಸಾಲು ಗೋದಾಮಿನ ಗೋಡೆಯವರೆಗೂ ಇತ್ತು. ಕಂಪನಿಯವರ ಗಾಜಿನ ಕೋಣೆಯೊಂದು ಲಾರಿಯ ಮೇಲೆ ಬಂದು ನಿಂತಿತ್ತು. ಅದರ ಎರಡು ಬದಿಯ ಬಾಗಿಲುಗಳಿಂದ ಒಂದೊಂದೇ ಗಾಡಿ ಒಳಗೆ ಹೋಗುತ್ತಿತ್ತು. ವೈರು ಚುಚ್ಚುತ್ತಿದ್ದರು, ನೆನಪು ಅಳಿಸುತ್ತಿದ್ದರು, ಟ್ಯಾಂಕಿನ ಮೇಲೆ ‘ಸುರಕ್ಷಿತ’ ಎಂಬ ಹಸಿರು ಚೀಟಿ ಅಂಟಿಸಿ ಹೊರಗೆ ದಬ್ಬುತ್ತಿದ್ದರು. ಒಂದು ಗಾಡಿಗೆ ಆರು ನಿಮಿಷ.

ಗಾಡಿಯವರಿಗೆ ಅಷ್ಟರಲ್ಲಿ ಪೆಂಡಾಲಿನಲ್ಲಿ ಪಾಠ.

“ಎಲ್ಲರೂ ನನ್ನ ಜೊತೆ ಹೇಳಿ,” ಎಂದ ತರಬೇತಿಯ ಹುಡುಗ ಮೈಕಿನಲ್ಲಿ. “ಬಿ... ಡು. ಕೊನೇ ಉಕಾರ ಸ್ಪಷ್ಟವಾಗಿರಲಿ.”

“ನಮ್ಮ ಮನ್ಯಾಗ ಯಾರೂ ಬಿಡು ಅನ್ನಂಗಿಲ್ಲೋ ತಮ್ಮಾ,” ಎಂದ ಹಿಂದಿನಿಂದ ಒಬ್ಬ ಮುದುಕ. “ಬಿಡಲೇ ಅಂತೀವಿ. ಅದಕೆಲ್ಲಿ ಹಚ್ಚೂದು ನಿನ್ನ ಉಕಾರ?”

ಮಂದಿ ನಕ್ಕರು. ಹುಡುಗನೂ ನಕ್ಕ. ದಾನವ್ವ ನಗಲಿಲ್ಲ. ಅರವತ್ತು ವರ್ಷದಿಂದ ಈ ಮಣ್ಣಿನಲ್ಲಿ ಮಾತಾಡಿದ ಮುದುಕನಿಗೆ ಮಾತು ಕಲಿಸಲು ಬಂದಿದ್ದಾರಲ್ಲ, ಇವರ ಸೊಕ್ಕಿಗೆ ಏನನ್ನಬೇಕು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಅವಳನ್ನೂ ಮೀರಿಸಿ, ನೆಲವನ್ನೇ ಎದ್ದು ನಿಲ್ಲಿಸಿ ಕುಣಿತ ಕಲಿಸುತ್ತಿದ್ದರು.

“ಇನ್ನೊಂದು ಮುಖ್ಯ ಸೂಚನೆ,” ಎಂದ ಹುಡುಗ. “ಇನ್ಮೇಲೆ ಗಾಡಿ ಮೇಲೆ ಕೂತಾಗ ‘ಬೇಡ’ ಅನ್ನೋ ಮಾತನ್ನ ಮೊದಲು ಹೇಳಬೇಕು. ಬಿಡಬೇಡ ಅನ್ನೋ ಹಾಗಿಲ್ಲ. ‘ಬೇಡ’ ಅನ್ನಿ. ನಿಲ್ಲಿಸಿ. ಆಮೇಲೆ ಏನು ಬೇಡ ಅಂತ ಹೇಳಿ. ಎಲ್ಲರೂ ಹೇಳಿ ನೋಡೋಣ... ಬೇಡ!”

“ಬೇಡ!” ಎಂದಿತು ಪೆಂಡಾಲು.

ದಾನವ್ವ ಎದ್ದು ನಿಂತಳು. “ಯಾಕ?”

“ಮೇಡಂ?”

“ಬ್ಯಾಡ ಅನ್ನೂದು ಮದಲ ಯಾಕ ಬರಬೇಕು? ನಮ್ಮ ಮಾತಿನಾಗ ಅದು ಕಡೀಕ ಬರ್ತೈತಿ. ಉಣಬ್ಯಾಡ, ಹೋಗಬ್ಯಾಡ, ಮುಟ್ಟಬ್ಯಾಡ. ನಮ್ಮವ್ವ ಹಂಗ ಕಲಿಸ್ಯಾಳ. ನಿಮ್ಮ ಗಾಡಿಗೆ ಅದು ಮದಲ ಯಾಕ ಬೇಕು?”

ಹುಡುಗ ಕೈಯಲ್ಲಿದ್ದ ಹಾಳೆ ನೋಡಿದ. “ಅದು ಕಂಪನಿ ಸೂಚನೆ ಮೇಡಂ. ಕೊಟ್ಟಿದ್ದನ್ನ ಹೇಳ್ತಿದೀನಿ.”

ದಾನವ್ವ ಪೆಂಡಾಲಿನಿಂದ ಹೊರಬಿದ್ದು ನೇರ ಗಾಜಿನ ಕೋಣೆಗೆ ನಡೆದಳು. ಬಾಗಿಲಲ್ಲಿ ನಿಂತವನು ಟೋಕನ್ ಕೇಳಿದ. ಅವಳು ಬಸ್ಸಿನಲ್ಲಿ ಪಾಸ್ ಇಲ್ಲದವರನ್ನು ನೋಡುವ ಹಾಗೆ ಒಂದು ಸಲ ನೋಡಿದಳು, ಅವನು ಸರಿದು ನಿಂತ.

ಒಳಗೆ ಕಂಪ್ಯೂಟರಿನ ಮುಂದೆ ಒಬ್ಬಳೇ ಇಂಜಿನಿಯರ್ ಹುಡುಗಿ ಕುಳಿತಿದ್ದಳು. ಕೊರಳಿನ ಪಟ್ಟಿಯಲ್ಲಿ ಪ್ರತೀಕ್ಷಾ ಎಂದಿತ್ತು. ಕಿವಿಗೆ ದೊಡ್ಡ ಹೆಡ್‌ಫೋನು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ದಾನವ್ವ ವರದಿಯ ಕಾಗದವನ್ನು ಅವಳ ಮುಂದಿಟ್ಟಳು. “ನಾ ಏನಂದೆ ಅಂತ ನನಗ ಕೇಳಿಸು. ನಿಮ್ಮ ಗಾಡಿ ಹೊಟ್ಟ್ಯಾಗ ಐತಲ್ಲ ನನ್ನ ಮಾತು.”

ಹುಡುಗಿ ಕಾಗದ ಓದಿದಳು. ಹೊರಗೆ ಟಂಟಂನಲ್ಲಿ ಬಿದ್ದಿದ್ದ ಗಾಡಿಯನ್ನು ನೋಡಿದಳು. ಪೆಂಡಾಲಿನಲ್ಲಿ ಕುರ್ಚಿಗೆ ಒರಗಿಸಿಟ್ಟಿದ್ದ ಬಡಿಗೆಯನ್ನೂ ನೋಡಿದಳು. ವೈರು ಎಳೆದುಕೊಂಡು ಹೋಗಿ ಮುರಿದ ಗಾಡಿಗೆ ಚುಚ್ಚಿ ಬಂದಳು. ಹೆಡ್‌ಫೋನನ್ನು ದಾನವ್ವನ ಕಿವಿಗಿಟ್ಟಳು.

‘ಬಿಡ’

ಅವಳದೇ ದನಿ. ಅಷ್ಟೇ. ಕತ್ತರಿಯಿಂದ ಕತ್ತರಿಸಿದ ಹಾಗೆ ಮುಂದೆ ಏನೂ ಇಲ್ಲ.

“ಮುಂದಿಂದು?”

“ಇಲ್ಲ ಮೇಡಂ.”

“ಇಲ್ಲ ಅಂದ್ರ? ನಾ ಮುಂದ ಅಂದೇನಿ. ಅಂದಿರಬೇಕು!”

ಪ್ರತೀಕ್ಷಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಈ ಗಾಡಿ ಎರಡಕ್ಷರಕ್ಕೇ ಹೊರಡುತ್ತೆ ಮೇಡಂ. ನಿಮ್ಮ ಕಡೆ ಬಿಡ್ರಿ, ಬಿಡಪಾ, ಬಿಡಲೇ ಅಂತ ಹತ್ತು ಥರ ಬಾಲ ಬರುತ್ತಲ್ಲ, ಬಾಲಕ್ಕೆ ಕಾಯೋದೇ ಬೇಡ ಅಂತ ಮಾಡಿದ್ರು. ಬಿಡ ಅಂತ ಕೇಳಿದ ತಕ್ಷಣ ಒಪ್ಪಿಕೊಂಡು ಕಿವಿ ಮುಚ್ಕೊಳ್ಳುತ್ತೆ. ಎಲ್ಲಾ ಶಕ್ತಿ ಮೋಟರಿಗೆ ಹೋಗುತ್ತೆ. ಅರ್ಧ ಸೆಕೆಂಡ್ ಕಾದಿದ್ರೆ ಸಾಕಿತ್ತು, ಬಾಲದಲ್ಲಿ ‘ಬೇಡ’ ಇದೆಯಾ ಅಂತ ಗೊತ್ತಾಗೋದು. ನಾನು ಲ್ಯಾಬಲ್ಲಿ ಬರೆದುಕೊಟ್ಟಿದ್ದೆ. ಕನ್ನಡದಲ್ಲಿ ಇಲ್ಲ ಅನ್ನೋದು ಕೊನೇಲಿ ಬರುತ್ತೆ, ಕಾಯಲೇಬೇಕು ಅಂತ. ಬೇರೆ ಕಂಪನಿ ಗಾಡಿಗಿಂತ ನಮ್ಮದು ಹಿಂದೆ ಬೀಳುತ್ತೆ, ಆಗಲ್ಲ ಅಂದ್ರು.”

“ಅಂದ್ರ ಗೊತ್ತಿತ್ತು.”

“ಗೊತ್ತಿತ್ತು,” ಎಂದಳು ಹುಡುಗಿ.

“ಗೊತ್ತಿದ್ದೂ ಮಾರಿದ್ರಿ. ಗೊತ್ತಿದ್ದೂ ನನ್ನ ಹೆಸರಿಗೆ ಬರದ್ರಿ. ನನ್ನ ಗಂಡ ನಾಕು ತಿಂಗಳಿಂದ ನನ್ನನ್ನ ಕ್ಷಮಾ ಮಾಡಾಕತ್ತಾನ, ಗೊತ್ತೈತೇನ ನಿನಗ?” ದಾನವ್ವನಿಗೆ ಅಳು ಬಂತು ಎಂದು ಇನ್ನಷ್ಟು ಸಿಟ್ಟು ಬಂತು, ಖಾಕಿ ತೋಳಿನಿಂದ ಮುಖ ಒರಸಿಕೊಂಡಳು. “ನಾ ಏನಂದೆ ಅಂತ ನನಗೂ ಗೊತ್ತಿಲ್ಲದಂಗ ಮಾಡಿದ್ರಲ್ಲೇ ತಂಗಿ.”

“ನಿಮ್ಮ ಗಾಡಿಗೆ ನಿಮ್ಮ ದನಿ ಗುರುತಿತ್ತು ಮೇಡಂ, ಅದಕ್ಕೇ ಅರ್ಧಕ್ಕೇ ಒಪ್ಪಿಬಿಡ್ತು,” ಎಂದಳು ಪ್ರತೀಕ್ಷಾ. ತನಗೆ ತಾನೇ ಹೇಳಿಕೊಳ್ಳುವ ಹಾಗಿತ್ತು. “ಗುರುತಿಲ್ಲದ ದನಿ ಆಗಿದ್ರೆ ಪೂರ್ತಿ ಕೇಳಿಸ್ಕೊಳ್ಳೋದು. ಒಪ್ಪೋದಕ್ಕೆ ಎರಡಕ್ಷರ ಸಾಕು. ಒಪ್ಪದೇ ಇರೋದಕ್ಕೆ ಕೊನೇ ತನಕ ಕೇಳಲೇಬೇಕು. ಹಾಗೆ ತಿರಸ್ಕಾರ ಮಾಡಿದ ಮಾತೆಲ್ಲ ಆರು ತಿಂಗಳು ಗಾಡಿಯೊಳಗೇ ಇರುತ್ತೆ, ಇವತ್ತು ಅಳಿಸ್ತಾ ಇರೋದು ಅದನ್ನೂ ಸೇರಿಸಿ...”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಹಂಗಾರ,” ಎಂದಳು ದಾನವ್ವ ನಿಧಾನವಾಗಿ, “ನಮ್ಮ ಬಾಜೂಕ ನಿಂತ ಗಾಡಿ?”

“ಪಕ್ಕದಲ್ಲಿ ಆಜ್ಞಾ ಇತ್ತಾ?”

“ಇಮಾಮಣ್ಣ!”

ಹೊರಗೆ ಓಡಿ ಬಂದಳು. ಸಾಲಿನಲ್ಲಿ ನೂರಾರು ಗಾಡಿ, ಎಲ್ಲಕ್ಕೂ ಒಂದೇ ಮುಖ, ಒಂದೇ ಕಪ್ಪು ಬಣ್ಣ. ಸುಮಾರು ಅರ್ಧ ಗಾಡಿಗಳ ಟ್ಯಾಂಕಿನ ಮೇಲೆ ಹಸಿರು ಚೀಟಿ ಬಂದುಬಿಟ್ಟಿತ್ತು. ಇಮಾಮಸಾಬ ಬಂದಿದ್ದಾನೋ ಇಲ್ಲವೋ, ಬಂದು ಹೋದನೋ! ಗಾಜಿನ ಕೋಣೆಯ ಆಚೆ ಬದಿಗೆ ಇನ್ನೊಂದು ಬಾಗಿಲಿತ್ತು, ಅಲ್ಲಿ ಇಬ್ಬರು ಹುಡುಗರು ಇನ್ನೊಂದು ಸಾಲಿನ ಗಾಡಿಗಳಿಗೆ ವೈರು ಚುಚ್ಚುತ್ತಿದ್ದರು. ಆ ಬಾಗಿಲ ಮುಂದೆ ಹಿಂದಿನ ಸೀಟಿಗೆ ಗಾದಿಯ ಸುರುಳಿ ಕಟ್ಟಿದ್ದ ಗಾಡಿಯೊಂದನ್ನು ಕಂಡಳು. ಗಾಡಿಯ ಮೂತಿ ಆಗಲೇ ಒಳಗಿತ್ತು. ಹುಡುಗನ ಕೈಯಲ್ಲಿ ವೈರು ಇತ್ತು.

ಕೂಗಿದರೆ ಕೇಳುವ ದೂರವಲ್ಲ. ಪೆಂಡಾಲಿನ ಮೈಕು ‘ಬೇಡ, ಬೇಡ’ ಎಂದು ಅರಚುತ್ತಿತ್ತು. ದಾನವ್ವನ ಕೈ ತಾನಾಗಿ ಕೊರಳಿನ ಸೀಟಿಗೆ ಹೋಯಿತು. ಒಂದೇ ಉಸಿರಿನಲ್ಲಿ ಊದಿದಳು. ಬಸ್‌ಸ್ಟ್ಯಾಂಡಿನ ಗದ್ದಲವನ್ನೇ ಸೀಳಿ ಡ್ರೈವರನ ಕಾಲನ್ನು ಬ್ರೇಕಿಗೆ ಒತ್ತಿಸುವ ಸೀಟಿ ಅದು. ಇಡೀ ಆವರಣ ಇದ್ದಲ್ಲೇ ನಿಂತಿತು.

“ಹೋಲ್ಡಾನ್!” ಎಂದು ಹೊಟ್ಟೆಯ ಆಳದಿಂದ ಕೂಗಿದಳು. “ಇಮಾಮಣ್ಣಾ, ಹೋಲ್ಡಾನ್! ವೈರು ಚುಚ್ಚಿಸಬ್ಯಾಡ!”

ನಾಲ್ಕು ತಿಂಗಳ ಹಿಂದೆ ಬಾಯಿಗೆ ಬರದಿದ್ದ ಮಾತು ಈಗ ಬಂದಿತ್ತು. ಇಮಾಮಸಾಬನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಹುಡುಗನ ಕೈಯಿಂದ ವೈರು ಕಿತ್ತುಕೊಂಡು ನಿಂತ. ದಾನವ್ವ ಓಡಿ ಹೋಗಿ ಅವನ ಗಾಡಿಯ ಹ್ಯಾಂಡಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಏನಾತ್ರಿ ಅಕ್ಕಾರ?”

“ನೀ ಕೇಳಲಿಲ್ಲ ಅಂದೆಲ್ಲ ಅಣ್ಣಾ, ನಿನ್ನ ಗಾಡಿ ಕೇಳೇತಿ!”

ಪ್ರತೀಕ್ಷಾ ಬಂದು ತನ್ನ ವೈರನ್ನು ಚುಚ್ಚಿದಳು. ತಾರೀಕು ಹುಡುಕಿದಳು, ಸಮಯ ಹುಡುಕಿದಳು. ಆ ನಿಮಿಷದ್ದೇ ಹನ್ನೊಂದು ತಿರಸ್ಕೃತ ದನಿಗಳಿದ್ದವು. ಒಂದೊಂದಾಗಿ ಕೇಳುತ್ತ ಹೋಗಿ ಏಳನೆಯದಕ್ಕೆ ಬಂದಾಗ ಹೆಡ್‌ಫೋನು ತೆಗೆದು ದಾನವ್ವನಿಗೆ ಕೊಟ್ಟಳು. ದಾನವ್ವ ಕೇಳಿದಳು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಕೇಳಿದಳು.

“ನಾ ಕೇಳಿದ್ರ ಸಾಲದು,” ಅಂದಳು. “ಅಕಾ ಅಲ್ಲಿ ಕುಂತಾರ ನೋಡು ಬಡಿಗಿ ಹಿಡಕೊಂಡು, ಅವರು ಕೇಳಬೇಕು. ಈ ಮಂದಿ ಕೇಳಬೇಕು.”

ಅಷ್ಟರಲ್ಲಿ ಕಂಪನಿಯ ವಲಯಾಧಿಕಾರಿ ಚಿನ್ಮಯ್ ಬಂದಿದ್ದ. ಇಸ್ತ್ರಿಯ ಅಂಗಿ, ಬಾಯಿತುಂಬ ನಗೆ. “ಏನ್ ನಡೀತಿದೆ ಇಲ್ಲಿ? ಪ್ರತೀಕ್ಷಾ, ಗಾಡಿಯ ನೆನಪು ಕಂಪನಿ ಆಸ್ತಿ. ಹೀಗೆಲ್ಲ ಕೇಳಿಸೋ ಹಾಗಿಲ್ಲ.”

ಪ್ರತೀಕ್ಷಾ ಅವನ ಮುಖ ನೋಡಿದಳು. ಅವಳ ನೌಕರಿ ಅವನ ಕೈಯಲ್ಲಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. “ಹೌದು ಸರ್,” ಅಂದಳು. ಕಂಪ್ಯೂಟರನ್ನು ಎತ್ತಿಕೊಂಡು ಪೆಂಡಾಲಿಗೆ ನಡೆದಳು. ಉದ್ದನೆಯ ವೈರು ಅವಳ ಹಿಂದೆ ನೆಲದ ಮೇಲೆ ಹರಿಯಿತು. ತರಬೇತಿಯ ಹುಡುಗನ ಮೈಕಿನ ಪಿನ್ನು ಕಿತ್ತು ತನ್ನದನ್ನು ಚುಚ್ಚಿದಳು.

ಲೌಡ್‌ಸ್ಪೀಕರು ಕರಕರ ಅಂದಿತು. ರೈಲಿನ ಹಾರ್ನು ದೂರ ಹೋಯಿತು. ಗೇಟಿನ ಗಂಟೆ, ಹತ್ತಾರು ಗಾಡಿಗಳ ಸದ್ದು. ಅದರ ನಡುವೆ ಒಂದು ಹೆಣ್ಣುದನಿ:

‘ಬಿಡಬ್ಯಾಡ್ರೀ! ಟ್ರ್ಯಾಕ್ಟರ್ ಬಂತು, ಬಿಡಬ್ಯಾಡ್ರೀ...’

ಆಮೇಲೆ ಕೇಳಿದ್ದನ್ನು ಇಲ್ಲಿ ಬರೆಯುವುದು ಬೇಡ. ಪೆಂಡಾಲಿನಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಗದಿಗೆಪ್ಪ ಕುಳಿತಲ್ಲೇ ತನ್ನ ಇಲ್ಲದ ಕಾಲಿನ ಜಾಗವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅವನು ಹೆಂಡತಿಯ ಕಡೆ ನೋಡಲಿಲ್ಲ. ನೋಡಲು ಅವನಿಗೆ ಮುಖವಿರಲಿಲ್ಲ.

ಮೊದಲು ಎದ್ದವನು ಉಕಾರದ ಮುದುಕ. “ನನ್ನ ಮಮ್ಮಗ ಬಾವ್ಯಾಗ ಬಿದ್ದ ದಿನ,” ಅಂದ, ಮೈಕೇ ಬೇಡದ ದನಿಯಲ್ಲಿ, “ಗಾಡಿ ಅವನ್ನ ಒಯ್ದು ಬಾವಿಗೆ ಹಾಕಿತು. ಬಾಜೂಕ ನಿಂತ ಅವನಪ್ಪನೇ ‘ಬಿಡಲೇ’ ಅಂದಾನ ಅಂತ ಕಾಗದ ಬರದ್ರಲ್ಲೋ! ನನ್ನ ಮಗ ಅವತ್ತಿನಿಂದ ಒಂದ ಮಾತು ಆಡಿಲ್ಲೋ!” ಅವನ ಕೈ ತನ್ನ ಟೋಕನನ್ನು ಹರಿಯುತ್ತಿತ್ತು.

ಸಾಲಿನಲ್ಲಿದ್ದ ಗಾಡಿಗಳು ಒಂದೊಂದಾಗಿ ಹಿಂದಕ್ಕೆ ತಿರುಗತೊಡಗಿದವು. ಹಸಿರು ಚೀಟಿ ಅಂಟಿಸಿಕೊಂಡವರು ಚೀಟಿಯನ್ನು ಉಗುರಿನಿಂದ ಕೆರೆಯುತ್ತ ಅಧಿಕಾರಿಯ ಸುತ್ತ ನೆರೆದರು. ನಮ್ಮ ಗಾಡಿಯ ನೆನಪು ವಾಪಸ್ ಕೊಡ್ರಿ ಎಂದು ಒಬ್ಬ ಕೇಳಿದ. ಅಳಿಸಿದ್ದನ್ನು ಎಲ್ಲಿಂದ ಕೊಡುತ್ತಾರೆ! ಚಿನ್ಮಯನ ಬಾಯಿಯ ನಗೆ ಒಣಗಿತು. ಅವನು ಗುಂಪಿನಿಂದ ನುಸುಳಿಕೊಂಡು ಗದಿಗೆಪ್ಪನ ಕುರ್ಚಿಯ ಹತ್ತಿರ ಬಂದ. ಇಂಥವರಿಗೆ ಮೆತ್ತಗಿನ ಮನುಷ್ಯ ಯಾರು ಎಂದು ದೂರದಿಂದಲೇ ವಾಸನೆ ಬರುತ್ತದೆ.

“ಸರ್, ನಿಮ್ಮ ಬಗ್ಗೆ ಕಂಪನಿಗೆ ಬಹಳ ಕನಿಕರ ಇದೆ,” ಎಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. “ಹೊಸ ಗಾಡಿ ಕೊಡ್ತೀವಿ. ಒಳ್ಳೇ ಕೃತಕ ಕಾಲು ಹಾಕಿಸ್ತೀವಿ. ವರದಿನೂ ತಿದ್ದೋಣ, ಮೇಡಮ್ಮಿಂದು ಏನೂ ತಪ್ಪಿಲ್ಲ ಅಂತ. ಆ ಪಕ್ಕದ ಗಾಡಿಯ ನೆನಪು ಮಾತ್ರ ನಮಗೆ ಬಿಟ್ಟುಕೊಡಿ, ಇಲ್ಲೊಂದು ಸಹಿ ಹಾಕಿ. ಸುಮ್ನೆ ಊರೆಲ್ಲ ದೊಡ್ಡದು ಮಾಡೋದು ಯಾಕೆ? ನೀವು ತಿಳಿದವರು, ನೀವೇ ಒಂದು ಮಾತು ಹೇಳಿ ಮೇಡಮ್ಮಿಗೆ.”

ದಾನವ್ವ ಎದುರಿಗೆ ಬಂದು ನಿಂತಿದ್ದಳು. ಪಕ್ಕದಲ್ಲಿ ಇಮಾಮಸಾಬ ತನ್ನ ಗಾಡಿಯನ್ನು ಕೈಯಲ್ಲಿ ಹಿಡಿದಿದ್ದ. ಬೀಗದ ಕೈಯನ್ನು ಅವನು ಆಗಲೇ ಅಂಗಿಯ ಒಳಜೇಬಿಗೆ ಹಾಕಿಕೊಂಡಿದ್ದ. “ನೀವಿಬ್ಬರೂ ಹೆಂಗ ಹೇಳ್ತೀರಿ ಹಂಗ ಅಕ್ಕಾರ,” ಅಂದ.

ಗದಿಗೆಪ್ಪ ತಲೆ ಎತ್ತಿದ. ಅವನ ಕಣ್ಣು ತುಂಬಿದ್ದವು. ಹೆಂಡತಿಯನ್ನು ನೋಡಿ ಬಾಯಿ ತೆರೆದ.

“ಬಿಡ...”

ದಾನವ್ವನ ನೆತ್ತಿಗೆ ರಕ್ತ ಏರಿತು. ಮತ್ತೆ ಅದೇ! ಇಷ್ಟೆಲ್ಲ ಆದ ಮೇಲೂ, ತನ್ನ ಕಿವಿಯಾರೆ ಕೇಳಿದ ಮೇಲೂ, ಈ ಮನುಷ್ಯನಿಗೆ ಬಿಡ ಎಂಬುದು ಬಿಟ್ಟು ಬೇರೆ ಮಾತೇ ಹುಟ್ಟಲಿಲ್ಲವಲ್ಲ! ತಿರುಗಿ ಹೊರಟುಬಿಡಲು ಅವಳ ಕಾಲು ಎದ್ದಿತು. ಅಡುಗೆಮನೆಗೆ, ಡಿಪೋಕ್ಕೆ, ಎಲ್ಲಿಗಾದರೂ. ನಾಲ್ಕು ತಿಂಗಳಿಂದ ಅವಳು ಹಾಗೆಯೇ ಎದ್ದು ಹೋಗುತ್ತಿದ್ದಳು.

ಎದ್ದ ಕಾಲನ್ನು ಅಲ್ಲೇ ಊರಿದಳು. ಎರಡಕ್ಷರಕ್ಕೇ ಹೊರಡುವುದು ಗಾಡಿ. ಅವಳು ಕಂಡಕ್ಟರು. ಕಾದಳು.

ಗದಿಗೆಪ್ಪ ಗಂಟಲು ಸರಿ ಮಾಡಿಕೊಂಡ. ಅವನ ಮಾತು ಎಂದಿನ ಹಾಗೆ ತನ್ನದೇ ಹೊತ್ತು ತೆಗೆದುಕೊಂಡು ಬಂತು.

“...ಬ್ಯಾಡ,” ಅಂದ. “ಬಿಡಬ್ಯಾಡ, ದಾನಿ. ಇವರನ್ನ ಬಿಡಬ್ಯಾಡ.”

ಬಡಿಗೆಯನ್ನು ನೆಲಕ್ಕೆ ಊರಿ ಎದ್ದು ನಿಂತ. ಚಿನ್ಮಯನ ಕೈಯಲ್ಲಿದ್ದ ಫಾರ್ಮು ಹಾಗೇ ಗಾಳಿಗೆ ಪಟಪಟ ಅನ್ನುತ್ತಿತ್ತು. ಇಮಾಮಸಾಬ ಗಾಡಿಯನ್ನು ಮಾರ್ಕೆಟ್ಟಿನ ದೊಡ್ಡ ಬಾಗಿಲ ಕಡೆ ತಿರುಗಿಸಿದ. ಬಾಗಿಲಾಚೆ ರಸ್ತೆಯ ಆ ಬದಿಗೆ ಪೊಲೀಸ್ ಸ್ಟೇಷನ್ ಇತ್ತು. ಮುದುಕ ಅವನ ಹಿಂದೆ ನಿಂತ, ಮುದುಕನ ಹಿಂದೆ ಉಳಿದವರು ನಿಂತರು. ಎಲ್ಲರೂ ದಾನವ್ವನ ಮುಖ ನೋಡಿದರು.

ದಾನವ್ವ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಗಂಡನ ತೋಳು ಹಿಡಿದುಕೊಂಡಳು.

“ರೈಟ್!” ಅಂದಳು.